ಉಪ್ಪು ನೋಡುವವರು

ಕಾಮೆನಿ ಬ್ರೊದ್ ಊರಿನ ವೃತ್ತಿಶಾಲೆಗೆ ಎರಡು ಬಾಗಿಲು. ಎಡಗಡೆಯ ಬಾಗಿಲಿನಿಂದ ಬೋಸ್ನಿಯಾಕರ, ಅಂದರೆ ಮುಸ್ಲಿಮರ ಮಕ್ಕಳು ಒಳಗೆ ಹೋಗುತ್ತಾರೆ. ಬಲಗಡೆಯದರಿಂದ ನಮ್ಮ ಕ್ರೊಆಟರ, ಅಂದರೆ ಕ್ಯಾಥೊಲಿಕರ ಮಕ್ಕಳು. ಹೆಡ್ಮಾಸ್ಟರು ಇಬ್ಬರು, ಸ್ಟಾಫ್ ರೂಮು ಎರಡು, ಪಠ್ಯಪುಸ್ತಕ ಎರಡು ಬಗೆ. ನಾನು, ಯಾನ್ಯಾ, ಬಲಗಡೆಯ ಮಹಡಿಯಲ್ಲಿ ಕ್ರೊಯೇಶಿಯನ್ ಭಾಷೆ ಕಲಿಸುತ್ತೇನೆ. ಗೋಡೆಯಾಚೆ ಒಬ್ಬಾತ ಬೋಸ್ನಿಯನ್ ಭಾಷೆ ಕಲಿಸುತ್ತಾನೆ. ನಾನು ಸ್ವಲ್ಪ ಜೋರಾಗಿ ಪಾಠ ಮಾಡಿದರೆ ಅವನ ಮಕ್ಕಳಿಗೂ ಒಂದಕ್ಷರ ಬಿಡದೆ ಅರ್ಥವಾಗುತ್ತದೆ. ಆದರೂ ಇವು ಬೇರೆ ಬೇರೆ ಭಾಷೆ ಎಂದು ಇಬ್ಬರಿಗೂ ಸಂಬಳ ಬರುತ್ತದೆ. ಈ ಮಾತನ್ನು ಒಮ್ಮೆ ಸ್ಟಾಫ್ ರೂಮಿನಲ್ಲಿ ಆಡಿದ್ದಕ್ಕೆ ಕೆಲವರು ನನ್ನ ಜೊತೆ ಕಾಫಿ ಕುಡಿಯುವುದನ್ನೇ ಬಿಟ್ಟರು. ಬಿಡಲಿ, ಕಾಫಿ ಉಳಿಯಿತು.

ಇಡೀ ಕಟ್ಟಡದಲ್ಲಿ ಒಂದೇ ಇದ್ದದ್ದು ಬಾಯ್ಲರ್ ರೂಮು ಮತ್ತು ಅಡುಗೆಮನೆ. ಅಡುಗೆಮನೆ ಒಂದೇ ಆದ್ದರಿಂದ ಅಡುಗೆ ಕೋರ್ಸಿನ ಮಕ್ಕಳು ಮಾತ್ರ ಒಟ್ಟಿಗೆ ನಿಂತು ಕಲಿಯುತ್ತಿದ್ದರು. ಅವರಿಗೆ ಕಲಿಸುತ್ತಿದ್ದವಳು ಝುಮ್ರಾ ಕಝಾಝ್. ಆ ಒಂದು ಕ್ಲಾಸನ್ನು ಎರಡಾಗಿ ಸೀಳಲು ಇಡೀ ಶಾಲೆ ಹೊರಟಾಗ ಅವಳು ಹಿಡಿದ ಹಟದ ಕಥೆ ಇದು.

ಝುಮ್ರಾ ಕುಳ್ಳಗಿನ ಹೆಂಗಸು. ದಪ್ಪ ಕೈ, ಸಣ್ಣ ದನಿ. ನಮ್ಮೆರಡು ಕಡೆಯವರ ನಡುವಿನ ಯುದ್ಧಕ್ಕೆ ಮುಂಚೆ ಚಪ್ಪಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಯುದ್ಧದ ಎರಡನೇ ವರ್ಷ ಅವಳ ಗಂಡ ನೆಜಾದ್ ನೀರಿಗೆಂದು ನಲ್ಲಿಯ ಹತ್ತಿರ ನಿಂತಿದ್ದಾಗ ಶೆಲ್ ಬಿದ್ದು ಸತ್ತ. ಆ ಶೆಲ್ ಹಾರಿ ಬಂದದ್ದು ನಮ್ಮವರಿದ್ದ ಬೆಟ್ಟದಿಂದ. ನನ್ನ ಅಣ್ಣ ಆಗ ಆ ಬೆಟ್ಟದ ಮೇಲೆ ಬಂದೂಕು ಹಿಡಿದು ಕೂತಿದ್ದ. ಶಾಲೆಗೆ ನಾನು ಸೇರಿದ ಹೊಸತರಲ್ಲಿ ಝುಮ್ರಾ ತಾನಾಗಿಯೇ ನನ್ನನ್ನು ಕರೆದು ಕೂರಿಸಿದಳು.

"ನಿಮ್ಮಣ್ಣ ಅಲ್ಲಿದ್ನಂತೆ?"

"ಇದ್ದ."

"ಹಾರಿಸಿದ್ದು ಅವನೇನಾ?"

"ಗೊತ್ತಿಲ್ಲ. ಅವನನ್ನ ಕೇಳೋಕೆ ನಂಗೆ ಧೈರ್ಯ ಇಲ್ಲ."

"ಕೇಳೋದೂ ಬೇಡ. ಕಾಫಿ ಆರೋಗ್ತಿದೆ, ಕುಡಿ."

ನಮ್ಮ ಸ್ನೇಹ ಶುರುವಾದದ್ದು ಹೀಗೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕಾಫಿಯನ್ನು ಎದುರಿಗಿದ್ದವಳ ಮುಖಕ್ಕೆ ಎರಚುತ್ತಿದ್ದೆ.

ಯುದ್ಧ ಮುಗಿದ ಮೊದಲ ಚಳಿಗಾಲದಲ್ಲಿ ಇದೇ ಅಡುಗೆಮನೆಯಲ್ಲಿ ಊರಿಗೆಲ್ಲ ಗಂಜಿ ಕಾಯಿಸುತ್ತಿದ್ದರು. ಎರಡು ದೊಡ್ಡ ಹಂಡೆ. ಒಂದನ್ನು ನಮ್ಮ ಹೆಂಗಸರು ಬೇಯಿಸುತ್ತಿದ್ದರು, ಇನ್ನೊಂದನ್ನು ಅವರ ಹೆಂಗಸರು. ಆದರೆ ನಮ್ಮ ಹಂಡೆಯಲ್ಲಿ ಇಲಿ ಪಾಷಾಣ ಇದೆ ಎಂದು ಅವರಲ್ಲಿ ಗುಸುಗುಸು. ಅವರು ಉಗುಳಿ ಬಡಿಸುತ್ತಾರೆ ಎಂದು ನಮ್ಮಲ್ಲಿ ಗುಸುಗುಸು. ಒಂದು ದಿನ ಹಂಡೆಗಳು ಅದಲುಬದಲಾಗಿ, ಅವರ ಸಾಲಿನ ಮುಂದೆ ನಮ್ಮದು, ನಮ್ಮ ಸಾಲಿನ ಮುಂದೆ ಅವರದು ಬಂತು. ಎರಡರ ಮುಂದೆಯೂ ಹಸಿದವರು ಬಟ್ಟಲು ಹಿಡಿದುಕೊಂಡು ನಿಂತರೇ ಹೊರತು ಯಾರೂ ಕೈ ಚಾಚಲಿಲ್ಲ. ನಮ್ಮ ಸಾಲಿನಲ್ಲಿ ನಾನೂ ಇದ್ದೆ. ಝುಮ್ರಾ ಸೌಟು ತೆಗೆದುಕೊಂಡು ನಮ್ಮವರು ಬೇಯಿಸಿದ ಹಂಡೆಯ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿದ್ದ ಹಾಗೆ ಒಂದು ಸೌಟು ಕುಡಿದಳು. ಆಮೇಲೆ ನಮ್ಮ ಕಡೆಯ ಒಬ್ಬ ಮುದುಕಿಯ ಕೈಗೆ ಅದೇ ಸೌಟು ಕೊಟ್ಟಳು.

"ಅಜ್ಜೀ, ನಮ್ಮ ಹಂಡೆ ಉಪ್ಪು ನೀವು ನೋಡಿ. ನಿಮ್ಮ ಹಂಡೆ ಉಪ್ಪು ನಾವು ನೋಡ್ತೀವಿ. ಇನ್ಮೇಲೆ ಉಪ್ಪು ನೋಡ್ದೇ ಇರೋದನ್ನ ಇಲ್ಲಿ ಬಡಿಸೋ ಹಾಗಿಲ್ಲ."

ಮುದುಕಿ ಅವರ ಹಂಡೆಯಿಂದ ಕುಡಿದು, ಬಾಯಿ ಚಪ್ಪರಿಸಿ, "ಉಪ್ಪೇನೋ ಸರಿ ಇದೆ, ಈರುಳ್ಳಿ ಸೀದಿದೆ" ಎಂದಳು. ಜನ ನಕ್ಕರು. ಅಷ್ಟು ತಿಂಗಳಾದ ಮೇಲೆ ಆ ಕಟ್ಟಡದಲ್ಲಿ ನಗು ಕೇಳಿದ್ದು ಅವತ್ತೇ.

ಅಡುಗೆ ಕೋರ್ಸು ಶುರುವಾದಾಗ ಝುಮ್ರಾ ಆ ನಿಯಮವನ್ನು ಹಾಗೇ ಕ್ಲಾಸಿನೊಳಕ್ಕೆ ತಂದಳು. ಒಂದು ಒಲೆಗೆ ಇಬ್ಬರು: ಎಡಬಾಗಿಲಿನವರೊಬ್ಬರು, ಬಲಬಾಗಿಲಿನವರೊಬ್ಬರು. ಒಬ್ಬರು ಮಾಡಿದ್ದರ ಉಪ್ಪನ್ನು ಇನ್ನೊಬ್ಬರು ನೋಡಬೇಕು. ನಮ್ಮೂರಿನಲ್ಲಿ ಬ್ರೆಡ್ಡಿಗೆ ನಾವು 'ಕ್ರೂಹ್' ಅನ್ನುತ್ತೇವೆ, ಅವರು 'ಹ್ಲೇಬ್' ಅನ್ನುತ್ತಾರೆ. ಬೇಕರಿಯಲ್ಲಿ ಯಾವ ಮಾತು ಬಾಯಿಂದ ಬಂದರೂ ನೀನು ಯಾರೆಂದು ಗೊತ್ತಾಗಿಬಿಡುತ್ತದೆ. ಅದಕ್ಕೇ ಜಾಣರು ಬೆರಳು ತೋರಿಸಿ "ಒಂದು ಬಿಳೀದು ಕೊಡಿ" ಅಂದು ಬಚಾವಾಗುತ್ತಾರೆ. ಝುಮ್ರಾಳ ಅಡುಗೆಮನೆಯಲ್ಲಿ ಆ ಜಾಣತನ ನಡೆಯುತ್ತಿರಲಿಲ್ಲ. ಎಡಬಾಗಿಲಿನವರು 'ಕ್ರೂಹ್' ಎಂದು ಕೇಳಬೇಕು, ಬಲಬಾಗಿಲಿನವರು 'ಹ್ಲೇಬ್' ಎಂದು. ಕೇಳದವರಿಗೆ ಬ್ರೆಡ್ಡಿಲ್ಲ. "ಬಾಯಿ ಮುಚ್ಕೊಂಡಿದ್ರೆ ಜಗಳ ಆಗಲ್ಲ ನಿಜ, ಆದ್ರೆ ಪರಿಚಯಾನೂ ಆಗಲ್ಲ" ಅನ್ನುತ್ತಿದ್ದಳು.

ರಂಜಾನ್ ತಿಂಗಳು ಬಂದರೆ ರೋಜಾ ಹಿಡಿದ ಮಕ್ಕಳ ಪಾತ್ರೆಗೆ ನಮ್ಮ ಮಕ್ಕಳ ನಾಲಿಗೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಾವು ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಅವತ್ತು ನಮ್ಮ ಮಕ್ಕಳು ಬೇಯಿಸಿದ ಮಾಂಸಕ್ಕೆ ಅವರ ಮಕ್ಕಳ ನಾಲಿಗೆ. ಕೆಲವು ವರ್ಷ ಎರಡು ವ್ರತವೂ ಒಟ್ಟಿಗೆ ಬೀಳುತ್ತವೆ. ಆಗಿನ ಶುಕ್ರವಾರಗಳಲ್ಲಿ ಝುಮ್ರಾ ಮಾಂಸವನ್ನೇ ಹತ್ತಿರ ತರುತ್ತಿರಲಿಲ್ಲ. ಕಾಳುಸಾರು, ತೆಳು ಹಿಟ್ಟಿನ ಹಾಳೆಯಲ್ಲಿ ಸೊಪ್ಪು ಸುತ್ತಿ ಬೇಯಿಸಿದ ಪಿತಾ, ಮೀನು. ಹಾಗಾದರೆ ಕೊನೆಗೆ ನಮ್ಮ ಮಕ್ಕಳಾದರೂ ರುಚಿ ನೋಡಬಹುದಲ್ಲ. ಅಡುಗೆಯವರು ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿಬಿಟ್ಟರೆ ರೋಜಾ ಮುರಿಯುವುದಿಲ್ಲ ಎಂದು ಮಸೀದಿಯ ಹೋಜಾ, ಅಂದರೆ ಮೌಲ್ವಿ, ಹೇಳಿದ್ದರು. ಒಬ್ಬ ಹುಡುಗ ಅದನ್ನು ನೆನಪಿಸಿದ್ದಕ್ಕೆ ಝುಮ್ರಾ, "ಹೋಜಾ ಹೇಳಿದ್ದು ಸರೀನೇ ಕಣಪ್ಪ. ಆದ್ರೆ ನನ್ನ ಅಡುಗೆಮನೇಲಿ ಉಗುಳೋ ಹಾಗಿಲ್ಲ. ಈ ಊರಲ್ಲಿ ಉಗುಳಿದ್ದು ಸಾಕು" ಅಂದಳು.

ಈಗ ಮಿರ್ನೆಸ್ ಮತ್ತು ಲೊರೆನಾ ವಿಷಯಕ್ಕೆ ಬರುತ್ತೇನೆ. ಮಿರ್ನೆಸ್ ಎಡಬಾಗಿಲಿನ ಹುಡುಗ. ಕೋರ್ಸಿಗೆ ಸೇರುವಾಗ ಅವನ ಮೂಗಿನ ಮೇಲೆ ಪಟ್ಟಿ ಇತ್ತು. ಫುಟ್ಬಾಲ್ ಮ್ಯಾಚು ಮುಗಿದ ಮೇಲೆ ಸೇತುವೆಯ ಮೇಲೆ ಕಾಲು ಕೆದರಿ ಜಗಳ ತೆಗೆದು ನಮ್ಮ ಹುಡುಗನೊಬ್ಬ ಅವನ ಮೂಗು ಮುರಿದಿದ್ದ. ಆ ಹುಡುಗನ ತಂಗಿಯೇ ಲೊರೆನಾ. ಝುಮ್ರಾ ಎಲ್ಲ ಗೊತ್ತಿದ್ದೂ ಗೊತ್ತಿದ್ದೂ ಅವರಿಬ್ಬರನ್ನು ಒಂದೇ ಒಲೆಗೆ ಹಾಕಿದಳು. ನನಗೆ ತಲೆ ಕೆಟ್ಟಿತು.

"ಬೇರೆ ಒಲೆ ಇರ್ಲಿಲ್ವೇನೇ ನಿಂಗೆ?"

"ಇತ್ತು."

"ಮತ್ತೆ? ಚಾಕು ಇರೋ ಜಾಗ ಕಣೇ ಅದು!"

"ಜಗಳ ಇಲ್ದೋರನ್ನ ಜೊತೇಲಿ ನಿಲ್ಸೋಕೆ ನಾನ್ಯಾಕೆ ಬೇಕು, ಯಾನ್ಯಾ? ಅವ್ರೇ ನಿಂತ್ಕೋತಾರೆ."

ಆ ವರ್ಷ ತಪಸ್ಸುಕಾಲ ಮೊದಲು ಬಂತು. ಒಂದು ಶುಕ್ರವಾರ ಲೊರೆನಾ ಮಾಂಸದ ಸಾರು ಮಾಡಿದಳು, ಮಿರ್ನೆಸ್ ಉಪ್ಪು ನೋಡಿದ. "ಕಡಿಮೆ" ಅಂದ. ಅವಳು ಹಾಕಿದಳು. "ಇನ್ನೂ ಕಡಿಮೆ" ಅಂದ. ಮತ್ತೆ ಹಾಕಿದಳು. "ಈಗ ಸರಿ ಇದೆ" ಅಂದ. ಬಡಿಸುವ ಹೊತ್ತಿಗೆ ಅದು ಸಮುದ್ರದ ನೀರಾಗಿತ್ತು. ಝುಮ್ರಾ ಬೈಯಲಿಲ್ಲ. ಒಂದು ಬಟ್ಟಲು ತುಂಬಿ ಮಿರ್ನೆಸ್‌ನ ಮುಂದೆ ಇಟ್ಟು, "ಉಪ್ಪು ಸರಿ ಇದೆ ಅಂದ್ಯಲ್ಲ ಮಗಾ, ಕುಡಿ" ಅಂದಳು. ಅವನು ಪೂರ್ತಿ ಕುಡಿಯುವವರೆಗೂ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೆಲವು ವಾರಕ್ಕೆ ರಂಜಾನ್ ಶುರುವಾಯಿತು. ಲೊರೆನಾ ಸೇಡು ತೀರಿಸಿಕೊಳ್ಳದೆ ಬಿಡುತ್ತಾಳೆಯೇ? ಮಿರ್ನೆಸ್ ಮಾಡಿದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. "ಬೊಂಬಾಟಾಗಿದೆ" ಅಂದಳು. ಅವಳಿಗೂ ಅದೇ ಕುರ್ಚಿ, ಅದೇ ಬಟ್ಟಲು. ಸಪ್ಪೆ ಸಾರನ್ನು ಮೂಗು ಮುಚ್ಚಿಕೊಂಡು ನುಂಗುತ್ತಿದ್ದವಳನ್ನು ನೋಡಿ ಮಿರ್ನೆಸ್ ಮೊದಲು ನಕ್ಕ. "ಏನೋ ಕಿಸೀತೀಯ, ನಿಂದು ಸಮುದ್ರ, ನಂದು ಬರೀ ಬಾವಿ ನೀರು" ಅಂದಳು ಅವಳು. ಆಮೇಲೆ ಇಬ್ಬರೂ ಸುಳ್ಳು ಹೇಳಲಿಲ್ಲ. ಸ್ನೇಹಿತರಾದರು ಎಂದು ನಾನು ಹೇಳುವುದಿಲ್ಲ, ಅದು ನನಗೆ ಗೊತ್ತಿಲ್ಲ. ಆದರೆ ಮಾರನೆಯ ವರ್ಷ ಸೇತುವೆಯ ಮೇಲೆ ಲೊರೆನಾಳ ಅಣ್ಣ ಮಿರ್ನೆಸ್‌ಗೆ ದಾರಿ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅವರ ಕೊನೆಯ ವರ್ಷದಲ್ಲಿ ಕುತ್ತು ಬಂತು. ಬಂದದ್ದು ಉಡುಗೊರೆಯ ರೂಪದಲ್ಲಿ. ಹೊರದೇಶದ ಯಾವುದೋ ಸಂಸ್ಥೆ ಶಾಲೆಗೆ ಹೊಸ ಒಲೆಗಳನ್ನು, ಹಿಟ್ಟು ನಾದುವ ಯಂತ್ರವನ್ನು ಕಳಿಸಿತು. ಇಷ್ಟು ಸಾಮಾನಿದ್ದರೆ ಎರಡನೆಯ ಅಡುಗೆಮನೆಯೇ ಆಗುತ್ತದೆ, ಆಮೇಲೆ ಕ್ಲಾಸು ಒಟ್ಟಿಗೆ ನಡೆಸುವ ಕರ್ಮ ಯಾಕೆ ಎಂದು ಹೆಡ್ಮಾಸ್ಟರುಗಳಿಗೆ ಹೊಳೆಯಿತು. ಎಡಗಡೆಯ ಎದ್ಹೆಮ್, ಬಲಗಡೆಯ ವಿಂಕೊ. ಶಾಲೆಯ ಬೇಲಿಗೆ ಯಾವ ಬಣ್ಣ ಬಳಿಯಬೇಕು ಎಂದು ವರ್ಷಗಟ್ಟಲೆ ಕಿತ್ತಾಡಿ ಬೇಲಿಯನ್ನು ತುಕ್ಕು ಹಿಡಿಸಿದ ಮಹನೀಯರು ಇವರು. ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರಂತೆ ಒಂದಾದರು. ಜಿಲ್ಲಾ ಶಿಕ್ಷಣ ಕಚೇರಿಯ ಮಾರಿನ್ಕೊ ಎಂಬಾತ ಬಂದು ಸಹಿ ಹಾಕುವುದೊಂದೇ ಬಾಕಿ. ಕೊನೆಯ ವರ್ಷದ ಅಡುಗೆ ಪರೀಕ್ಷೆಯನ್ನು ಈ ಸಲ ಎರಡು ತಂಡವಾಗಿ, ಬೇರೆ ಬೇರೆ ನಡೆಸಬೇಕು. ಬೇರೆಯಾಗಿಯೂ ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ ಎಂದು ಕಂಡರೆ ಅಲ್ಲೇ ಸಹಿ. ಹಾಗೆಂದು ಕಚೇರಿಯಿಂದ ಅಪ್ಪಣೆ ಬಂತು. ಜೊತೆಗೆ ಪರೀಕ್ಷೆಯ ತಾರೀಕು ಮತ್ತು ಅಡುಗೆ: ಎಡಗಡೆಯ ತಂಡಕ್ಕೆ ಕಾಳುಸಾರು. ಬಲಗಡೆಯ ತಂಡಕ್ಕೆ ಲೊನಾತ್ಸ್, ಅಂದರೆ ಎಲೆಕೋಸು, ಆಲೂಗಡ್ಡೆ, ಮಾಂಸವನ್ನು ಪದರ ಪದರವಾಗಿ ಜೋಡಿಸಿ ಸಣ್ಣ ಉರಿಯಲ್ಲಿ ಬೇಯಿಸುವ ಮಡಕೆ ಅಡುಗೆ.

ಝುಮ್ರಾ ಕ್ಯಾಲೆಂಡರ್ ನೋಡಿದಳು. ಆ ದಿನ ಶುಕ್ರವಾರ. ಆ ವರ್ಷವೂ ರಂಜಾನ್, ತಪಸ್ಸುಕಾಲ ಎರಡೂ ಒಟ್ಟಿಗೆ ಬಿದ್ದಿದ್ದವು. ಅವಳು ಕಚೇರಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಸರ್, ಅವತ್ತು ಮಾಂಸದ ಅಡುಗೆ ಇಟ್ಟಿದ್ದೀರಿ. ರುಚಿ ನೋಡೋರು ಯಾರೂ ಇರಲ್ಲ."

"ಅಡುಗೆ ಮಾಡೋದು ಪರೀಕ್ಷೆ ಮೇಡಂ, ತಿನ್ನೋದಲ್ಲ" ಅಂದ ಮಾರಿನ್ಕೊ. "ತಾರೀಕು ಬದಲಾಗಲ್ಲ."

"ಸರಿ ಸರ್" ಎಂದು ಝುಮ್ರಾ ಫೋನ್ ಇಟ್ಟಳು. ನಾನು ಅವಳ ಮೇಲೆ ಹಾರಿಬಿದ್ದೆ.

"ಸರಿ ಅಂದ್ಯಾ? ಕ್ಲಾಸು ಒಡೆಯೋಕೆ ಬರ್ತಿದ್ದಾನೆ, ನೀನು ಬಾಗಿಲು ತೆಗೆದು ಕೊಡ್ತೀಯಾ?"

"ಅವ್ರು ಹೇಳಿದ ಹಾಗೇ ಆಗ್ಲಿ ಬಿಡು. ಮಕ್ಕಳಿಗೆ ನಾನು ಒಂದು ಮಾತೂ ಹೇಳ್ಕೊಡಲ್ಲ. ಕಲಿಸಿದ್ದು ಒಳಗಿಳಿದಿದ್ರೆ ಕ್ಲಾಸು ಉಳಿಯುತ್ತೆ. ಇಳೀದೇ ಇದ್ರೆ ಒಡೀಲಿ. ಅಂಥ ಕ್ಲಾಸನ್ನ ಉಳಿಸ್ಕೊಂಡು ಏನ್ ಮಾಡ್ಲಿ?"

ಅವಳ ದನಿ ಏರಲಿಲ್ಲ, ಆದರೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ಒಣಗಿದ ಬಟ್ಟೆ ಅದು.

ಪರೀಕ್ಷೆಯ ದಿನ ಸಮಿತಿಗೆ ಬಲಗಡೆಯಿಂದ ಒಬ್ಬ ಶಿಕ್ಷಕರು ಬೇಕಿತ್ತು. ಬೇರೆ ಯಾರೂ ಒಪ್ಪದ್ದರಿಂದ ಆ ಕೆಲಸ ನನಗೆ ಬಂತು. ಮಾರಿನ್ಕೊ, ಎದ್ಹೆಮ್, ವಿಂಕೊ, ನಾನು ಮೇಜಿನ ಹಿಂದೆ ಕೂತೆವು. ಝುಮ್ರಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಮೊದಲು ಎಡಗಡೆಯ ತಂಡ. ನಮ್ಮ ಮಕ್ಕಳು ಗಾಜಿನ ಬಾಗಿಲಿನ ಆಚೆ, ಕಾರಿಡಾರಿನಲ್ಲಿ. ಕಾಳುಸಾರು ಚೆನ್ನಾಗಿಯೇ ಕುದಿಯಿತು, ಘಮಘಮ ಅನ್ನುತ್ತಿತ್ತು. ಬಡಿಸುವ ಸರದಿ ಮಿರ್ನೆಸ್‌ದು. ಅವನು ಸೌಟು ಎತ್ತಿ, ಲೊರೆನಾ ದಿನಾ ನಿಲ್ಲುತ್ತಿದ್ದ ಎಡಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಚಮಚದಲ್ಲಿ ಸಾರು ತೆಗೆದುಕೊಂಡು, ಕೆಳಗೆ ಚೆಲ್ಲದ ಹಾಗೆ ಇನ್ನೊಂದು ಕೈ ಅಡ್ಡ ಹಿಡಿದು, ನೇರ ಗಾಜಿನ ಬಾಗಿಲಿಗೆ ನಡೆದ.

"ಏಯ್, ಎಲ್ಲಿಗಪ್ಪಾ?" ಅಂದ ಮಾರಿನ್ಕೊ.

"ಉಪ್ಪು ನೋಡಿಸ್ಬೇಕು ಸರ್."

"ಹೊರಗಿನವರ ಸಹಾಯ ತಗೊಳ್ಳೋ ಹಾಗಿಲ್ಲ. ಅಂಕ ಕಳೀತೀನಿ."

"ಕಳೀರಿ ಸರ್" ಅಂದ ಮಿರ್ನೆಸ್, ಮೊಣಕೈಯಿಂದ ಬಾಗಿಲು ತಳ್ಳಿದ. ಆಚೆ ಲೊರೆನಾ ಬಾಯಿ ತೆರೆದು ಸಿದ್ಧವಾಗಿ ನಿಂತಿದ್ದಳು. ನುಂಗಿ, ಕಣ್ಣು ಮುಚ್ಚಿ, "ಸರಿ ಇದೆ. ಸ್ವಲ್ಪ ಮೆಣಸು ಹಾಕು" ಅಂದಳು. ಅವನು ಮೆಣಸು ಹಾಕಿ ಬಡಿಸಿದ. ಎದ್ಹೆಮ್ ಮೀಸೆ ತಿರುವಿದರು. ಮಾರಿನ್ಕೊ ತಿಂದು ನೋಡಿ ಅಂಕ ಕಳೆದ. ಆದರೆ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದ.

ಆಮೇಲೆ ನಮ್ಮ ತಂಡ. ಗಾಜಿನಾಚೆ ಈಗ ಎಡಗಡೆಯ ಮಕ್ಕಳು. ಲೊನಾತ್ಸ್ ಬೇಯಲು ಬಹಳ ಹೊತ್ತು ಬೇಕು. ನಮಗೆಲ್ಲ ಹೊಟ್ಟೆ ಚುರುಗುಟ್ಟುತ್ತಿತ್ತು, ಎದ್ಹೆಮ್ ಅವರಿಗಂತೂ ಬೆಳಗಿನಿಂದ ನೀರೂ ಇಲ್ಲ. ಮಡಕೆಯ ಮುಚ್ಚಳ ತೆಗೆದಾಗ ಇಡೀ ಕೋಣೆ ಆ ಪರಿಮಳಕ್ಕೆ ಉಗುಳು ನುಂಗಿತು. ಲೊರೆನಾ ಒಲೆ ಆರಿಸಿ, ಕೈಕಟ್ಟಿ ನಿಂತಳು.

"ಬಡಿಸಮ್ಮಾ" ಅಂದರು ವಿಂಕೊ.

"ಬಡಿಸಲ್ಲ ಸರ್. ಉಪ್ಪು ನೋಡಿಲ್ಲ."

"ನೋಡು ಮತ್ತೆ."

"ಇವತ್ತು ಶುಕ್ರವಾರ ಸರ್."

ವಿಂಕೊ ಕೆಂಪಗಾದರು. ಪ್ರತಿ ಭಾನುವಾರ ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲೇ ಕೂರುವ ಮನುಷ್ಯ. ಅವರಿಗೂ ಅದು ಮರೆತುಹೋಗಿತ್ತು. ಮಾರಿನ್ಕೊ ಸಮಾಧಾನದ ದನಿಯಲ್ಲಿ, "ಹೋಗ್ಲಿ, ಹಾಗೇ ಬಡಿಸಿಡು. ಬಣ್ಣ, ಹದ ನೋಡಿ ಅಂಕ ಕೊಡ್ತೀವಿ. ಹೇಗೂ ಇಲ್ಲಿ ಯಾರೂ ತಿನ್ನಲ್ಲ" ಅಂದ.

"ಯಾರೂ ತಿನ್ನದೇ ಇರೋದನ್ನ ಯಾಕೆ ಸರ್ ಬಡಿಸ್ಬೇಕು?"

"ನೋಡಮ್ಮ, ಬಡಿಸದಿದ್ರೆ ಫೇಲ್."

"ಆಗ್ಲಿ ಸರ್."

ಹುಡುಗಿ ತೋಳಿನಿಂದ ಕಣ್ಣೊರೆಸಿಕೊಂಡಳು. ಆ ಸರ್ಟಿಫಿಕೇಟಿಗಾಗಿ ಅವಳು ಮೂರು ವರ್ಷ ಬೆಟ್ಟದ ಹಳ್ಳಿಯಿಂದ ಬಸ್ಸಿನಲ್ಲಿ ಬಂದವಳು. ಸಮುದ್ರ ತೀರದ ಸ್ಪ್ಲಿತ್ ಪಟ್ಟಣದ ಹೋಟೆಲೊಂದು ಅವಳಿಗೆ ಕೆಲಸ ಕೊಡುತ್ತೇನೆಂದು ಮಾತು ಕೊಟ್ಟಿತ್ತು. ನಾನೇ ಎದ್ದು ತಿಂದುಬಿಡಲೇ, ಪಾದ್ರಿಯ ಮುಂದೆ ಆಮೇಲೆ ತಪ್ಪೊಪ್ಪಿಕೊಂಡರಾಯಿತು ಎಂದು ಅಂದುಕೊಳ್ಳುತ್ತಿದ್ದಾಗ ಗಾಜಿನ ಬಾಗಿಲು ದಡಾರನೆ ತೆರೆಯಿತು. ಮಿರ್ನೆಸ್.

"ನಾನು ನೋಡ್ತೀನಿ. ರೋಜಾ ಮುರಿದ್ರೆ ಮುರೀಲಿ, ಇನ್ನೊಂದಿನ ಹಿಡೀತೀನಿ."

"ಬೇಡ ಕಣೋ ಮಂಗ" ಅಂದಳು ಲೊರೆನಾ, ಅಳುತ್ತಲೇ.

ಅವನು ಚಮಚಕ್ಕೆ ಕೈ ಹಾಕುವುದರೊಳಗೆ ಝುಮ್ರಾ ಗೋಡೆ ಬಿಟ್ಟು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ನಿನ್ನ ರೋಜಾ ನೀನಿಟ್ಕೊ" ಅಂದಳು. ಮಡಕೆಯ ತಳದಿಂದ ಒಂದು ಚಮಚ ರಸ, ಒಂದು ಚೂರು ಮಾಂಸ ತೆಗೆದು, ಊದಿ, ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು. ನಡುಮಧ್ಯಾಹ್ನ, ರಂಜಾನ್ ತಿಂಗಳಲ್ಲಿ, ತನ್ನ ಹೆಡ್ಮಾಸ್ಟರ ಕಣ್ಣೆದುರಿಗೆ.

"ಒಂದು ಚಿಟಿಕೆ ಕಡಿಮೆ ಲೊರೆನಾ. ಹಾಕಿ ಬಡಿಸು" ಅಂದಳು.

"ಝುಮ್ರಾ ಅವರೇ!" ಎಂದು ಎದ್ಹೆಮ್ ಎದ್ದೇ ನಿಂತರು. "ನೀವು... ರೋಜಾ..."

"ನಂಗೆ ಸಕ್ಕರೆ ಕಾಯಿಲೆ ಸಾಹೇಬ್ರೇ. ಸೂಜಿ ಚುಚ್ಕೊಳ್ಳೋಳು. ಡಾಕ್ಟರೂ ಬೇಡ ಅಂದ್ರು, ಹೋಜಾನೂ ಬೇಡ ಅಂದ್ರು. ರೋಜಾ ಹಿಡಿಯೋಕೆ ಆಗ್ತಿಲ್ಲ ಅಂತ ನಂಗೇ ನಾಚಿಕೆ, ಯಾರಿಗೂ ಹೇಳಿರ್ಲಿಲ್ಲ. ಇವತ್ತು ನೋಡಿದ್ರಲ್ಲ, ಇನ್ನು ಊರಿಗೆಲ್ಲ ಹೇಳಿ." ಆಮೇಲೆ ಮಾರಿನ್ಕೊ ಕಡೆ ತಿರುಗಿದಳು. "ಎರಡನೇ ಅಡುಗೆಮನೆ ಕಟ್ಸಿ ಸರ್. ಹತ್ತು ಕಟ್ಸಿ, ನಂದೇನೂ ಇಲ್ಲ. ಆದ್ರೆ ಆ ಕಡೆ ರಂಜಾನ್‌ನಲ್ಲಿ ಉಪ್ಪು ನೋಡೋರು ಯಾರು, ಈ ಕಡೆ ಶುಕ್ರವಾರ ನೋಡೋರು ಯಾರು, ಅದನ್ನೂ ಬರೆದು ಆಮೇಲೆ ಸಹಿ ಹಾಕಿ. ನನ್ನಂಥ ರೋಗಿಷ್ಠೆ ಎರಡೂ ಕಡೆ ಸಿಗ್ತಾಳೆ ಅಂತ ನಂಬ್ಕೊಂಡು ಕೂರ್ಬೇಡಿ."

ಮಾರಿನ್ಕೊ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ವಿಂಕೊ ಕಡೆ ನೋಡಿದ, ಎದ್ಹೆಮ್ ಕಡೆ ನೋಡಿದ. ಇಬ್ಬರೂ ಮಡಕೆಯನ್ನೇ ನೋಡುತ್ತಿದ್ದರು. ಕೊನೆಗೆ ಅವನು ಸಹಿ ಹಾಕದೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. ಲೊರೆನಾಳಿಗೆ ಎಷ್ಟು ಅಂಕ ಕೊಟ್ಟ ಎನ್ನುವುದು ನನಗೆ ಗೊತ್ತು: ಮಿರ್ನೆಸ್‌ಗೆ ಕೊಟ್ಟಷ್ಟೇ.

ಸಂಜೆ ಇಬ್ಬರೂ ನದಿಯ ದಂಡೆ ಹಿಡಿದು ಮನೆಗೆ ನಡೆದೆವು. ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ.

"ಇಷ್ಟು ವರ್ಷ ನಂಗೂ ಹೇಳಿಲ್ಲವಲ್ಲೇ ನೀನು! ಮಧ್ಯಾಹ್ನ ಏನು ತಿಂತಿದ್ದೆ ಮತ್ತೆ, ಎಲ್ಲಿ ತಿಂತಿದ್ದೆ?"

"ಉಗ್ರಾಣದಲ್ಲಿ. ಹಿಟ್ಟಿನ ಮೂಟೆ ಹಿಂದೆ ಕೂತ್ಕೊಂಡು, ಇಲಿ ಥರ" ಅಂದು ನಕ್ಕಳು. ನಾನು ನಗಲಿಲ್ಲ. "ನೆಜಾದ್ ಹೋದ ವರ್ಷಾನೂ ಒಂದು ರೋಜಾ ಬಿಟ್ಟೋಳಲ್ಲ ಯಾನ್ಯಾ ನಾನು. ನೆಲಮಾಳಿಗೇಲಿ ಕೂತ್ಕೊಂಡೇ ಹಿಡಿದಿದ್ದೆ. ಈ ಹಾಳು ಸಕ್ಕರೆಗೆ ಸೋತುಬಿಟ್ಟೆ."

ಅವಳ ಕಣ್ಣು ಒದ್ದೆಯಾಗಿದ್ದವು. ಗಂಡನ ಸಾವಿನ ಮಾತಾಡುವಾಗಲೂ ಒದ್ದೆಯಾಗದ ಕಣ್ಣು ಅವು.

ಊರು ಎರಡೇ ದಿನದಲ್ಲಿ ಸುದ್ದಿಯನ್ನು ಅಗಿದು ಅಗಿದು ಹಿಪ್ಪೆ ಮಾಡಿತು. ಕಾಯಿಲೆಯ ಮಾತು ಹಿಂದೆ ಬಿತ್ತು. ಝುಮ್ರಾ ರಂಜಾನ್‌ನಲ್ಲಿ ಕ್ರೊಆಟರ ಮುಂದೆ ಕೂತು ಮಾಂಸ ತಿಂದಳು ಎನ್ನುವುದಷ್ಟೇ ಓಡಾಡಿತು. ಬೇಕರಿಯಲ್ಲಿ ಅವಳ ಬೀದಿಯ ಇಬ್ಬರು ಹೆಂಗಸರು ಅವಳನ್ನು ಕಂಡು ಮುಖ ತಿರುಗಿಸಿದರಂತೆ. ಒಬ್ಬಳು, ಕಾರ್ಖಾನೆ ಕ್ಯಾಂಟೀನಿನವಳು ಕೊನೆಗೂ ಕ್ಯಾಂಟೀನಿನವಳೇ ಅಂದಳಂತೆ. ನಮ್ಮವರೂ ಏನು ಕಡಿಮೆಯಿಲ್ಲ. ನಮ್ಮ ಹುಡುಗಿಯ ಪರೀಕ್ಷೆಯನ್ನು ಅವರ ಹೆಂಗಸು ಕೆಡಿಸಿದಳು ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಮೂಗು ಮುರಿದರು. ನಾನು ಅವರಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ವಾರ ಕಚೇರಿಯಿಂದ ಉತ್ತರ ಬಂತು. ಅಗತ್ಯ ವ್ಯವಸ್ಥೆಗಳಾಗುವವರೆಗೆ ಅಡುಗೆ ಕೋರ್ಸನ್ನು ಬೇರ್ಪಡಿಸುವುದನ್ನು ಮುಂದೂಡಲಾಗಿದೆ. ಮುಂದೂಡಿದ್ದು ಎಂದರೆ ನಮ್ಮ ದೇಶದಲ್ಲಿ ಏನೆಂದು ಎಲ್ಲರಿಗೂ ಗೊತ್ತು. ನಮ್ಮೂರ ಆಸ್ಪತ್ರೆಯ ಎರಡನೆಯ ಮಹಡಿಯನ್ನು ನಾನು ಮದುವೆಯಾಗುವ ಮುಂಚೆ ಮುಂದೂಡಿದ್ದರು. ಆದರೂ ಇದು ಗೆಲುವು ಎಂದು ಕುಣಿಯುವಂತಿರಲಿಲ್ಲ. ಜೂನ್‌ನಲ್ಲಿ ಝುಮ್ರಾ ನಿವೃತ್ತಳಾಗುತ್ತಾಳೆ. ಇನ್ನೊಬ್ಬ ಮಾರಿನ್ಕೊ ಇನ್ನೊಂದು ಪೆನ್ನು ಹಿಡಿದು ಬರಬಹುದು. ಈ ಸುದ್ದಿಯನ್ನು ಅವಳಿಗೆ ನಾನೇ ಹೇಳಬೇಕೆಂದು ಕೆಳಗಿಳಿದು ಅಡುಗೆಮನೆಗೆ ಹೋದೆ.

ಮಧ್ಯಾಹ್ನದ ಹೊತ್ತು. ಮಕ್ಕಳೆಲ್ಲ ಒಲೆಗಳ ಮುಂದೆ, ಹಿಂದಿನಂತೆಯೇ ಜೋಡಿ ಜೋಡಿ. ನಡುವಿನ ದೊಡ್ಡ ಮೇಜಿನ ಮೇಲೆ ಒಂದು ತಟ್ಟೆ, ಒಂದು ಚಮಚ, ಒಂದು ಲೋಟ ನೀರು ಇಟ್ಟಿತ್ತು. ತಟ್ಟೆಯಲ್ಲಿ ಬಿಸಿ ಬಿಸಿ ಪಿತಾ, ಪಕ್ಕದಲ್ಲಿ ಮೊಸರು. ಝುಮ್ರಾ ಉಗ್ರಾಣದ ಬಾಗಿಲಲ್ಲಿ ನಿಂತಿದ್ದಳು. ಮಧ್ಯಾಹ್ನ ಅವಳು ಅಲ್ಲಿಗೆ ಯಾಕೆ ಹೋಗುತ್ತಾಳೆಂದು ಮಕ್ಕಳಿಗೆ ಈಗ ಹೊಳೆದಿತ್ತು. ಮಿರ್ನೆಸ್ ಅವಳಿಗೆ ಅಡ್ಡ ನಿಂತಿದ್ದ.

"ಏನೋ ಇದು? ದಾರಿ ಬಿಡು."

"ಊಟ ಅಲ್ಲಿದೆ ಟೀಚರ್."

"ತೆಗಿ ಅದನ್ನ. ನೀವೆಲ್ಲ ಹಸ್ಕೊಂಡು ನಿಂತಿರ್ವಾಗ ನಾನು ಮಧ್ಯ ಕೂತ್ಕೊಂಡು ತಿನ್ಲಾ? ನಂಗೆ ಮರ್ಯಾದೆ ಇಲ್ವಾ?"

ಮಿರ್ನೆಸ್ ಕದಲಲಿಲ್ಲ. ಬೆಳಗಿನಿಂದ ನೀರು ಮುಟ್ಟದ ಹುಡುಗ, ತುಟಿ ಒಣಗಿತ್ತು.

"ಟೀಚರ್, ನೀವು ನಮಗೆ ಎಲ್ಲ ಕಲಿಸಿದ್ರಿ. ಕದ್ದು ತಿನ್ನೋದನ್ನ ಮಾತ್ರ ಕಲಿಸ್ಲಿಲ್ಲ."

ಲೊರೆನಾ ಕುರ್ಚಿ ಎಳೆದಳು. ಬೇರೆ ಯಾರೂ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಮೊದಲೇ ಮಾತಾಡಿಕೊಂಡಿದ್ದರು ಅಂತ ಕಾಣುತ್ತದೆ. ಎಲ್ಲರೂ ಈರುಳ್ಳಿ ಹೆಚ್ಚುವುದರಲ್ಲಿ, ಹಿಟ್ಟು ಲಟ್ಟಿಸುವುದರಲ್ಲಿ ತಲೆ ತಗ್ಗಿಸಿಕೊಂಡಿದ್ದರು. ಝುಮ್ರಾ ಒಬ್ಬೊಬ್ಬರ ಬೆನ್ನನ್ನೂ ನೋಡಿದಳು. ಆಮೇಲೆ ಬಂದು ಕೂತಳು. ಬಿಸ್ಮಿಲ್ಲಾ ಅಂದು, ತುತ್ತು ಮುರಿದು ಬಾಯಿಗಿಟ್ಟಳು. ನಾನು ಬಾಗಿಲಲ್ಲೇ ನಿಂತು ಅತ್ತೆ. ಅವಳು ನಿಧಾನವಾಗಿ, ಒಂದು ಚೂರೂ ಬಿಡದೆ, ಎಲ್ಲರ ನಡುವೆ ಕೂತು ತಿಂದಳು.

ತಿಂದು ಮುಗಿಸಿ, ತಟ್ಟೆಯನ್ನು ತಾನೇ ತೊಳೆದಿಟ್ಟು, ಕೈ ಒರೆಸಿಕೊಂಡಳು.

"ಸರಿ" ಅಂದಳು. "ಯಾರ ಒಲೆ ಮೇಲೆ ಏನಿದೆ, ತೋರಿಸಿ."